ಮೂವತ್ತೇಳನೇ ಟ್ಯೂಬು

ವೈರಸ್ಸುಗಳಿಗೂ ಗಾಳಿ ಬೇಕು ಎಂದು ನಾನು ತಿಳಿದುಕೊಂಡಿದ್ದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಸ್ವಂತ ಬುದ್ಧಿಯಿಂದ ಕಂಡುಕೊಂಡದ್ದು. 2006ರ ನವೆಂಬರಿನಲ್ಲಿ, ಕೆಲಸಕ್ಕೆ ಸೇರಿದ ಎರಡನೇ ದಿನ, ನಂದಿತಾ ಮೇಡಂ ಒಂದು ಥರ್ಮೋಕೋಲ್ ಡಬ್ಬವನ್ನು ನನ್ನ ಕೈಗಿಟ್ಟು, ಮೈಸೂರು ಮುಟ್ಟುವತನಕ ಇದರೊಳಗಿನ ವೈರಸ್ ಸಾಯಬಾರದು, ಜವಾಬ್ದಾರಿ ನಿಮ್ಮದು ಎಂದರು. ಬಸ್ಸಿನಲ್ಲಿ ಕೋಳಿಮರಿ ಸಾಗಿಸುವ ರಟ್ಟಿನ ಪೆಟ್ಟಿಗೆಗಳಿಗೆ ಸುತ್ತಲೂ ತೂತು ಇರುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಬಾಲ್‌ಪೆನ್ನು ತೆಗೆದುಕೊಂಡು ಮುಚ್ಚಳಕ್ಕೆ ಹನ್ನೊಂದು ತೂತು ಕೊರೆದೆ. ಬಿ.ಕಾಂ. ಪಾಸಾದವನ ಕೆಲಸ ಎಂದು ನೋಡಿದರೆ ಗೊತ್ತಾಗುವಂತಿತ್ತು. ತೂತುಗಳು ಸಾಲಾಗಿ, ಒಂದೇ ಅಂತರದಲ್ಲಿ ಇದ್ದವು.

ಬಾಗಿಲ ಬಳಿ ಬಲೆಯ ಸಿಕ್ಕು ಬಿಡಿಸುತ್ತ ಕುಳಿತಿದ್ದ ಮರಿಯಯ್ಯ ಅದನ್ನು ನೋಡಿದರು. ನಗಲಿಲ್ಲ. ಎದ್ದು ಬಂದು, ತಮ್ಮ ಬುತ್ತಿ ಬಿಚ್ಚಿ, ರಾಗಿಮುದ್ದೆಯಿಂದ ಚೂರು ಚೂರು ಕಿತ್ತು ಹನ್ನೊಂದು ತೂತಿಗೂ ಮೆತ್ತಿದರು.

"ಒಳ್ಗಿರದು ಐಸು ಕಣಪ್ಪ. ಕರ್ಗೋದ್ರೆ ಎಲ್ಲಾ ಓಯ್ತು."

ಮೇಡಂ ಬಂದು, ಮುಚ್ಚಳದ ಮೇಲೆ ಇದೇನು ಚುಕ್ಕೆ ಎಂದು ಕೇಳಿದಾಗ, ಡಬ್ಬ ಹಳೆಯದು, ಇಲಿ ಕಡಿದಿತ್ತು ಎಂದು ರೆಪ್ಪೆ ಮಿಟುಕಿಸದೆ ಹೇಳಿದರು. ನನ್ನ ಕೆಲಸ ಉಳಿಯಿತು. ಮರಿಯಯ್ಯ ಅವತ್ತು ಅರ್ಧ ಮುದ್ದೆ ಉಂಡರು.

ನಮ್ಮದು ನಂಜನಗೂಡಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಒಂದು ಯೋಜನೆ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಕೆರೆಗಳಿಗೆ ಬರುವ ಕಾಡುಹಕ್ಕಿಗಳ ಮೈಯಲ್ಲಿ ಯಾವ ಯಾವ ವೈರಸ್ ಇದೆ ಎಂದು ಪತ್ತೆಹಚ್ಚಿ, ಅವುಗಳನ್ನು ಬಗೆಬಗೆಯಾಗಿ ವಿಂಗಡಿಸುವುದು ಉದ್ದೇಶ. ಹಕ್ಕಿಯನ್ನು ಹಿಡಿಯಬೇಕು, ಅದರ ಗಂಟಲಿಗೂ ಹಿಂಬದಿಗೂ ಹತ್ತಿ ಸುತ್ತಿದ ಕಡ್ಡಿ ಆಡಿಸಿ ಆ ಕಡ್ಡಿಯನ್ನು ಟ್ಯೂಬಿಗೆ ಹಾಕಬೇಕು, ಹಕ್ಕಿಯನ್ನು ಬಿಟ್ಟುಬಿಡಬೇಕು. ಟ್ಯೂಬು ಐಸಿನಲ್ಲಿ ಕುಳಿತು ಮೈಸೂರಿನ ಮೂಲಕ ಹೊರರಾಜ್ಯದ ದೊಡ್ಡ ಲ್ಯಾಬಿಗೆ ಹೋಗುತ್ತಿತ್ತು. ಪಶುವೈದ್ಯೆಯಾದ ನಂದಿತಾ ಮೇಡಂ ನಮಗೆ ಮುಖ್ಯಸ್ಥೆ. ಲ್ಯಾಬಿನ ಉತ್ತರವನ್ನು ಕಂಪ್ಯೂಟರಿಗೆ ತುಂಬಲು ನಾನು. ಹಕ್ಕಿ ಹಿಡಿಯಲು ಮರಿಯಯ್ಯ. ನಾವಿಬ್ಬರೂ ದಿನಗೂಲಿಯವರು.

ಮರಿಯಯ್ಯನ ಊರು ಸುತ್ತೂರಿನಿಂದ ಆಚೆ, ಕಪಿಲೆಯ ದಂಡೆಯಲ್ಲಿ. ಅವರಪ್ಪ ಕೆರೆಬಾತು ಹಿಡಿದು ಸಂತೆಗೆ ಒಯ್ಯುತ್ತಿದ್ದವರು. ಮಗನೂ ಹದಿನೈದಕ್ಕೇ ಬಲೆ ಹಿಡಿದರು. 1993ರಲ್ಲಿ ಯಾವುದೋ ಸಂಶೋಧಕರ ಜೀಪು ಊರಿಗೆ ಬಂದು, ಹಕ್ಕಿ ಹಿಡಿಯುವ ಮರಿಯಯ್ಯ ಯಾರು ಎಂದು ವಿಚಾರಿಸಿದಾಗ, ಅರಣ್ಯ ಇಲಾಖೆಯವರೇ ಬಂದರೆಂದು ಹುಲ್ಲಿನ ಮೆದೆಯೊಳಗೆ ಅರ್ಧ ದಿನ ಅವಿತುಕೊಂಡಿದ್ದರಂತೆ. ಬಂದವರು ಹಿಡಿಯಲು ಬಂದದ್ದು ಹೌದು, ಕೆಲಸಕ್ಕೆ. ಬಾತುಗಳ ರಕ್ತ ತೆಗೆದು ಅದರಲ್ಲಿ ವೈರಸ್ ಹುಡುಕುವವರು ಅವರು. ಹಿಡಿದ ಹಕ್ಕಿಯನ್ನು ಸೂಜಿ ಚುಚ್ಚಿ ಮತ್ತೆ ಹಾರಿಬಿಡುವುದನ್ನು ಕಂಡು ಮೊದಲ ವಾರ ಮರಿಯಯ್ಯನಿಗೆ ಹೊಟ್ಟೆ ಉರಿದುಹೋಯಿತಂತೆ. ಎರಡನೇ ವಾರದ ಹೊತ್ತಿಗೆ ಅವರ ಕೈಗೆ ಬುದ್ಧಿ ಬಂದಿತ್ತು. ಹಕ್ಕಿಯ ಎದೆ ಅದುಮಿದರೆ ಉಸಿರು ಕಟ್ಟುತ್ತದೆ; ಬೆರಳುಗಳ ನಡುವೆ ಕತ್ತು ಸೇರಿಸಿ, ಬೆನ್ನನ್ನು ಅಂಗೈಗೆ ಕೊಟ್ಟು ಹಿಡಿಯಬೇಕು. ಹಾಗೆ ಹಿಡಿದರೆ ಎಂಥ ಗಾಬರಿಬಿದ್ದ ಬಾತೂ ಸುಮ್ಮನಾಗುತ್ತಿತ್ತು. ನಾನು ಒಮ್ಮೆ ಪ್ರಯತ್ನಿಸಿದೆ. ಬಾತು ನನ್ನ ಅಂಗಿಯ ಮೇಲೆ ಮಾದರಿ ಕೊಟ್ಟು ಹೋಯಿತು.

ವಿಂಗಡಣೆ ಎಂದೆನಲ್ಲ, ಮರಿಯಯ್ಯನದೇ ಒಂದು ವಿಂಗಡಣೆ ಇತ್ತು. ಹಕ್ಕಿಗಳಲ್ಲಿ ತಿನ್ನುವಂಥವು, ತಿನ್ನಬಾರದವು, ತಿಂದರೂ ಹೇಳಬಾರದವು. ಮೇಡಂ ಇದನ್ನು ಕೇಳಿ ನಕ್ಕಿದ್ದರು. ಹಳೆಯ ಕಾಲದ ಮಾತು ಎಂದುಕೊಂಡಿದ್ದರು.

ಮರಿಯಯ್ಯನ ಕೊರಳಲ್ಲಿ ಒಂದು ಗುರುತಿನ ಚೀಟಿ ಇರುತ್ತಿತ್ತು. ಪ್ಲಾಸ್ಟಿಕ್ ಹೊದಿಸಿದ ಅದರಲ್ಲಿ ಅವರ ಫೋಟೋ, ಕೆಳಗೆ 'ಕ್ಷೇತ್ರ ಸಹಾಯಕ'. ನನ್ನ ಕೊರಳಲ್ಲೂ ಅಂಥದೇ ಇತ್ತು, ನಾನು ಅದನ್ನು ಬಸ್ಸಿನಲ್ಲಿ ಅಂಗಿಯೊಳಗೆ ಬಚ್ಚಿಡುತ್ತಿದ್ದೆ. ಮರಿಯಯ್ಯ ಮದುವೆಮನೆಗೂ ಹಾಕಿಕೊಂಡು ಹೋಗುತ್ತಿದ್ದರು. ಅದು ಶೋಕಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಆ ಚೀಟಿ ಇದ್ದರೆ ಅವರು ಬಲೆ ಹೊತ್ತು ಕೆರೆಗೆ ಇಳಿದಾಗ ಅರಣ್ಯ ಇಲಾಖೆಯ ಗಾರ್ಡು ನಮಸ್ಕಾರ ಹೇಳುತ್ತಿದ್ದ. ಚೀಟಿ ಇಲ್ಲದೆ ಅದೇ ಬಲೆ, ಅದೇ ಕೆರೆ, ಅದೇ ಮರಿಯಯ್ಯ ಸಿಕ್ಕಿದ್ದರೆ ಕೇಸು ಹಾಕುತ್ತಿದ್ದ. ಅವರಿಗೆ ಗೊತ್ತಿದ್ದದ್ದು ಒಂದೇ ಕಸುಬು.

2008ರ ಸಂಕ್ರಾಂತಿ ಕಳೆದ ವಾರ. ಬಂಗಾಳದಲ್ಲಿ ಹಕ್ಕಿಜ್ವರ ಬಂದು ಲಕ್ಷಗಟ್ಟಲೆ ಕೋಳಿ ಹೂಳುತ್ತಿರುವುದನ್ನು ಟಿ.ವಿ.ಯಲ್ಲಿ ದಿನವೂ ತೋರಿಸುತ್ತಿದ್ದರು. ಗುರುವಾರ ಬೆಳಗ್ಗೆ ಮರಿಯಯ್ಯನ ಊರ ಕೆರೆಯಲ್ಲೇ ಬಲೆ ಎತ್ತಿದಾಗ, ಕೆಳಗಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಒಂದು ಸೂಜಿಬಾಲದ ಬಾತು ನೀರಿನಲ್ಲಿ ಮುಳುಗಿ ಸತ್ತಿತ್ತು. ಅದರ ಮಾದರಿಯನ್ನೂ ತೆಗೆದರು. ಟ್ಯೂಬಿನ ಮೇಲೆ ನಾನೇ ಮೂವತ್ತೇಳು ಎಂದು ಬರೆದೆ.

ಸತ್ತ ಹಕ್ಕಿಗೆ ನಿಯಮ ಇತ್ತು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೂರಡಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳಬೇಕು. ಹೂತದ್ದನ್ನು ಒಬ್ಬರು ಕಣ್ಣಾರೆ ನೋಡಿ ಸಹಿ ಮಾಡಬೇಕು. ಆ ಒಬ್ಬರು ನಾನು. ನಾನು ತಿಂಗಳ ಮೊದಲ ದಿನವೇ ಟೀ ಅಂಗಡಿಯಲ್ಲಿ ಕುಳಿತು ಇಪ್ಪತ್ತು ಫಾರಂಗಳಿಗೆ ಒಟ್ಟಿಗೆ ಸಹಿ ಹಾಕಿಡುತ್ತಿದ್ದೆ. ಗುಂಡಿಯ ಹತ್ತಿರ ಹೋದರೆ ಪ್ಯಾಂಟಿಗೆ ಸುಣ್ಣ ಹತ್ತುತ್ತಿತ್ತು.

ಮಂಗಳವಾರ ಮಧ್ಯಾಹ್ನ ಲ್ಯಾಬಿನಿಂದ ಮಿಂಚಂಚೆ ಬಂತು. ಆ ಕಂತಿನ ನಲವತ್ತು ಟ್ಯೂಬುಗಳಲ್ಲಿ ಒಂದೇ ಒಂದರಲ್ಲಿ ಇನ್‌ಫ್ಲುಯೆಂಜಾ 'ಎ' ಇದೆ, ಮೂವತ್ತೇಳರಲ್ಲಿ. ಯಾವ ಬಗೆಯದೆಂದು ತಿಳಿಯಲು ಇನ್ನು ಹದಿನೈದು ದಿನ ಬೇಕು ಎಂದಿತ್ತು. ಮೇಡಂ ನಮ್ಮಿಬ್ಬರನ್ನೂ ಕರೆದು, ಯಾರಿಗಾದರೂ ಜ್ವರ, ಕೆಮ್ಮು ಬಂದರೆ ತಕ್ಷಣ ತಿಳಿಸಿ, ಮುಚ್ಚಿಡಬೇಡಿ ಎಂದರು. ಮರಿಯಯ್ಯ ತಲೆಯಾಡಿಸಿದರು. ಆಮೇಲೆ ನನ್ನ ಮೇಜಿನ ಬಳಿ ಬಂದು ನಿಂತರು.

"ಪರ್ಸಾದಪ್ಪ, ಮೂವತ್ತೇಳು ಯಾವ್ದು?"

ಗುರುವಾರ ಬಲೆಯಲ್ಲೇ ಸತ್ತಿತಲ್ಲ, ಆ ಬಾತು ಎಂದೆ.

"ಅದ ಊಳ್ಲಿಲ್ಲ ಕಣಪ್ಪ."

ಮತ್ತೇನು ಮಾಡಿದಿರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ.

"ಅವ್ಳು ಸಾರ್ ಮಾಡಿದ್ಲು."

ಅವಳು ಎಂದರೆ ಅವರ ಹೆಂಡತಿ ಚಿಕ್ಕಮಾದಮ್ಮ. ಪುಕ್ಕ ತರಿದು, ಕೊಯ್ದು, ತೊಳೆದವರು ಅವರೇ. ಗಂಡ ಹೆಂಡತಿ ಇಬ್ಬರೂ ಉಂಡಿದ್ದರು. ಸೋಮವಾರದಿಂದ ಆಕೆಗೆ ಜ್ವರ, ಒಣಕೆಮ್ಮು. ಮರಿಯಯ್ಯನಿಗೆ ಏನೂ ಇಲ್ಲ. ಇದು ಇವತ್ತಿನ ಅಭ್ಯಾಸವಲ್ಲ, ಸತ್ತ ಹಕ್ಕಿಯನ್ನು ಸುಣ್ಣ ಹಾಕಿ ಮಣ್ಣುಪಾಲು ಮಾಡಲು ಮನಸ್ಸು ಬರುತ್ತಿರಲಿಲ್ಲ, ಹದಿನೈದು ವರ್ಷದಲ್ಲಿ ತಿನ್ನುವಂಥ ಒಂದನ್ನೂ ಹೂತಿಲ್ಲ ಎಂದು ನೆಲ ನೋಡುತ್ತ ಹೇಳಿದರು. ನನ್ನ ಸಹಿಯುಳ್ಳ ಫಾರಂಗಳು ಕಡತದಲ್ಲಿ ಅಚ್ಚುಕಟ್ಟಾಗಿದ್ದವು.

ಆಗ ನಾನು ಮಾಡಿದ ಕೆಲಸ ಕೇಳಿ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ವೈರಸ್ಸಿಗೆ ಗಾಳಿ ಬೇಕೆಂದು ನಂಬಿದ್ದವನು ಒಂದು ವರ್ಷದ ಮೇಲೆ ಟೈಪು ಮಾಡಿ ಪಂಡಿತನಾಗಿದ್ದೆ. ಈ 'ಎ' ಜಾತಿಯಲ್ಲಿ ಹೆಚ್ ಎಂಬುದು ಹದಿನಾರು ಬಗೆ, ಎನ್ ಎಂಬುದು ಒಂಬತ್ತು ಬಗೆ. ಯಾವ ಹೆಚ್, ಯಾವ ಎನ್ ಸೇರಿವೆ ಎಂದು ಗೊತ್ತಾದರೆ ಮಾತ್ರ ವೈರಸ್ ಯಾವುದೆಂದು ಗೊತ್ತಾದಂತೆ ಎಂದೆ.

"ಕೇರಿ ಸಿಕ್ತು, ಮನೆ ಸಿಕ್ಲಿಲ್ಲ ಅನ್ನು."

ಹೌದು ಎಂದೆ.

"ಮನುಸ್ರನ್ನ ಕೊಲ್ಲಾದು ಎಷ್ಟ್ನೇ ನಂಬ್ರು?"

ಹೆಚ್‌ನಲ್ಲಿ ಐದು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಐದಾದರೆ ಹಿಡಿದ ಹತ್ತು ಜನರಲ್ಲಿ ಆರು ಜನ ಸಾಯುತ್ತಾರೆ ಎಂದು ಕೈಪಿಡಿಯಲ್ಲಿದ್ದ ಲೆಕ್ಕವನ್ನೂ ಒಪ್ಪಿಸಿದೆ. ಉಳಿದ ಬಗೆಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ತಗಲುವುದೇ ಇಲ್ಲ ಎಂಬುದನ್ನು ಕೊನೆಗೆ ಸೇರಿಸಿದೆ. ಆ ಹೊತ್ತಿಗೆ ಮರಿಯಯ್ಯ ಕೇಳುತ್ತಿರಲಿಲ್ಲ.

ಮೈಸೂರಿನಲ್ಲಿ ಇದಕ್ಕೆ ಮಾತ್ರೆ ಇಟ್ಟಿದ್ದಾರೆ, ಆದರೆ ಬಾತಿನ ವಿಷಯ ಹೇಳದೆ ಕೊಡುವುದಿಲ್ಲ, ಮೇಡಂಗೆ ಹೇಳಿಬಿಡೋಣ ಎಂದು ನಾನು ಅಂದೆ. ನನ್ನ ಕಿವಿಗೇ ಬೀಳದಷ್ಟು ಮೆಲ್ಲಗೆ ಅಂದೆ.

"ಏಳುದ್ರೆ ಏನಾಯ್ತದೆ?"

ನಿಯಮ ಹೇಳಿದೆ. ಹೂಳದವರನ್ನು ಕೆಲಸದಿಂದ ತೆಗೆಯುತ್ತಾರೆ. ಹೂತದ್ದನ್ನು ನೋಡದೆ ಸಹಿ ಹಾಕಿದವನನ್ನೂ ತೆಗೆಯುತ್ತಾರೆ. ಕಾಡುಹಕ್ಕಿ ತಿಂದದ್ದಕ್ಕೆ ಅರಣ್ಯದವರ ಕೇಸು ಬೇರೆ. ಊರಿಗೆ ಗೊತ್ತಾದರೆ, ತಮ್ಮ ಕೋಳಿಗಳನ್ನೆಲ್ಲ ಹೂಳಿಸಲು ಕಾರಣವಾದ ಮನೆ ಎಂದು ಬಾಗಿಲಿಗೆ ಬರುತ್ತಾರೆ. ಮರಿಯಯ್ಯ ಕೊರಳ ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. ಆ ನಂಬರು ಯಾವಾಗ ಬರುತ್ತದೆ ಎಂದು ಕೇಳಿದರು. ಹದಿನೈದು ದಿನ ಎಂದು ಪರದೆಯ ಮೇಲೆ ನನ್ನ ಕಣ್ಣೆದುರಿಗೇ ಇತ್ತು. ಎರಡು ಮೂರು ದಿನದಲ್ಲಿ ಬರಬಹುದು ಎಂದೆ. ಹಾಗೇಕೆ ಅಂದೆನೋ. ಎರಡು ಮೂರು ದಿನವಾದರೆ ಕಾಯುವುದು ತಪ್ಪಲ್ಲ ಎನಿಸುತ್ತಿತ್ತು.

ಕಾದೆವು. ಬುಧವಾರ ಬೆಳಗ್ಗೆ ಬಂದವರೇ, ಮೂವತ್ತೇಳು ಬಂತಾ ಎಂದರು. ಇಲ್ಲ ಎಂದೆ. ಸಂಜೆಯೂ ಅದೇ. ಗುರುವಾರವೂ ಅದೇ. ಆ ದಿನಗಳಲ್ಲೂ ಅವರು ಕೆರೆಗೆ ಇಳಿದು ಹಕ್ಕಿ ಹಿಡಿದರು. ಮೊದಲ ಬಾರಿಗೆ ಒಂದು ಬಾತು ಅವರ ಕೈಯಲ್ಲಿ ಒದ್ದಾಡಿ ಉಸಿರುಗಟ್ಟಿ ಸತ್ತಿತು. ಅದನ್ನು ಹೂತರು. ನಾನು ಗುಂಡಿಯ ಪಕ್ಕದಲ್ಲೇ ನಿಂತು ನೋಡಿದೆ.

ಗುರುವಾರ ಸಂಜೆ, ಕಚೇರಿಯ ಬೀರುವಿನಿಂದ ಒಂದು ಕಟ್ಟು ಮಾಸ್ಕು, ಗ್ಲೌಸು ಎತ್ತಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಕಳ್ಳತನ ಮಾಡುವಷ್ಟು ಧೈರ್ಯ ಬಂದಿತ್ತು, ಬಾಯಿ ಬಿಡುವಷ್ಟು ಬಂದಿರಲಿಲ್ಲ. ಚಿಕ್ಕಮಾದಮ್ಮನನ್ನು ಹಿತ್ತಲ ಕಡೆಯ ಜಗಲಿಯಲ್ಲಿ ಮಲಗಿಸಿದ್ದರು. ಅಂಗಡಿಯ ಜ್ವರದ ಮಾತ್ರೆ, ಮೆಣಸಿನ ಕಷಾಯ. ಅಕ್ಕಪಕ್ಕದವರನ್ನು ಹತ್ತಿರ ಬಿಟ್ಟಿರಲಿಲ್ಲ. ತಾಂಡವಪುರದಲ್ಲಿದ್ದ ಮಗಳಿಗೂ ಹೇಳಿಕಳಿಸಿರಲಿಲ್ಲ. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೂ ಆಕೆಯ ನಾಲಿಗೆ ಸೊರಗಿರಲಿಲ್ಲ.

"ನೋಡಪ್ಪ ಇವ್ನ ಸೊಗ್ಸ. ಮೂವತ್ ವರ್ಸ ಸಂಸಾರ ಮಾಡುದ್ನಲ್ಲ, ಈಗ ನಂಗೆ ನೀರ್ ಕೊಡಕೆ ಕೈಗೆ ಚೀಲ ಆಕ್ಕೊಂಡ್ ಬತ್ತಾನೆ."

"ಆಪೀಸ್ ರೂಲ್ಸು ಕಣೆ," ಎಂದರು ಮರಿಯಯ್ಯ, ಮಾಸ್ಕಿನೊಳಗಿಂದ.

"ಬಾತು ತಿನ್ವಾಗ ಎಲ್ಲೋಗಿತ್ತು ರೂಲ್ಸು?"

ಮರಿಯಯ್ಯ ಆಕೆಗೆ ಏನನ್ನೂ ಹೇಳಿರಲಿಲ್ಲ. ಆಕೆ ಸುಮ್ಮನೆ ಚುಚ್ಚಿದ್ದು. ಗಂಡ ಲೋಟವನ್ನು ಚಾಪೆಯ ಪಕ್ಕದಲ್ಲಿಟ್ಟು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ಇದ್ದದ್ದು ಮುಕ್ಕಾಲು ಗಂಟೆಯ ಮೇಲೆ.

ಶುಕ್ರವಾರ ಮೇಡಂ ಕೋಣೆಯ ಬಾಗಿಲ ತನಕ ಹೋದೆ. ಏನ್ರೀ ಗುರುಪ್ರಸಾದ್ ಎಂದರು. ಪ್ರಿಂಟರಿನ ಇಂಕು ಮುಗಿದಿದೆ ಮೇಡಂ ಎಂದೆ. ಬರೆದಿಡಿ, ತರಿಸೋಣ ಎಂದರು. ಬಂದು ಬರೆದಿಟ್ಟೆ. ಇಂಕು ಮುಗಿದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಮರಿಯಯ್ಯ ಊರಿನ ಅಂಗಡಿಯಿಂದ ಫೋನು ಮಾಡಿದರು. ಮೂವತ್ತೇಳು ಬಂತಾ ಎಂದು ಕೇಳಲಿಲ್ಲ. ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದೇನೆ, ಆಸ್ಪತ್ರೆ ಹತ್ತಿರ ಇರು ಎಂದರು. ನಂಜನಗೂಡಿನ ಆಸ್ಪತ್ರೆಯ ಮೆಟ್ಟಿಲ ಬಳಿ ಕಾದೆ. ಚಿಕ್ಕಮಾದಮ್ಮನನ್ನು ಇಳಿಸಿಕೊಂಡಾಗ ತುಟಿ ನೀಲಿಯಾಗಿತ್ತು. ಈಗ ಗಂಡನನ್ನು ಅಣಕಿಸಲು ಉಸಿರು ಉಳಿದಿರಲಿಲ್ಲ.

ಪರೀಕ್ಷೆ ಮಾಡಿದ ಡಾಕ್ಟರು, ಎಷ್ಟು ದಿನದಿಂದ ಎಂದು ಕೇಳಿದರು. ಆರು ದಿನ ಎಂದರು ಮರಿಯಯ್ಯ. ಮೊದಲೇ ಯಾಕೆ ಬರಲಿಲ್ಲ ಎಂದು ಬೈದರು. ಆಮೇಲೆ ಆ ವರ್ಷ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳಿದರು: ಮನೆಯಲ್ಲಿ ಕೋಳಿಗೀಳಿ ಸತ್ತಿದೆಯೇ, ಸತ್ತ ಹಕ್ಕಿ ಏನಾದರೂ ಮುಟ್ಟಿದ್ದಾರೆಯೇ?

"ಇಲ್ಲ ಸಾ," ಎಂದರು ಮರಿಯಯ್ಯ. ಕೊರಳ ಚೀಟಿಯನ್ನು ಆಗಲೇ ಅಂಗಿಯೊಳಕ್ಕೆ ಇಳಿಬಿಟ್ಟಿದ್ದರು.

ನಾನು ಅವರ ಬಟ್ಟೆಯ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲೆ ಮಕ್ಕಳಿಗೆ ಯಾವ ತಿಂಗಳು ಯಾವ ಲಸಿಕೆ ಎಂಬ ಪಟ್ಟಿ ಇತ್ತು. ಅದನ್ನು ಪೂರ್ತಿ ಓದಿದೆ. ಈಗಲೂ ಬಾಯಿಪಾಠ ಹೇಳಬಲ್ಲೆ.

ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಇಳಿದಿದೆ ಎಂದು ಆಮ್ಲಜನಕ ಕೊಟ್ಟು ಮೈಸೂರಿಗೆ ಕಳಿಸಿದರು. ಭಾನುವಾರ ಮಧ್ಯಾಹ್ನ ಅಲ್ಲಿ ತೀರಿಕೊಂಡರು. ಕಫ ಪರೀಕ್ಷೆ ಮಾಡಿದ್ದವರು, ಇದು ಸಾಮಾನ್ಯವಾಗಿ ಬರುವ ಸೋಂಕೇ, ಮೂರು ನಾಲ್ಕು ದಿನ ಮುಂಚೆ ತಂದಿದ್ದರೆ ಇಂಜಕ್ಷನ್ನಿಗೆ ಬಗ್ಗುತ್ತಿತ್ತು ಎಂದು ಮಗಳಿಗೆ ಹೇಳಿದರಂತೆ. ಮಗಳು ಮಣ್ಣಿಗೆ ಬಂದವರೆದುರೆಲ್ಲ ಅದನ್ನೇ ಹೇಳಿಕೊಂಡು ಅತ್ತಳು. ಅಪ್ಪನ ಕಡೆ ನೋಡಿ ಹೇಳುತ್ತಿರಲಿಲ್ಲ. ಮರಿಯಯ್ಯ ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಮಾತಾಡಲು ಬಾಯಿ ತೆರೆದು, ಮುಚ್ಚಿದರು. ಏನು ಕೇಳಲು ಹೊರಟಿದ್ದರೆಂದು ನನಗೆ ಗೊತ್ತಿತ್ತು. ಇನ್ನೂ ಬಂದಿರಲಿಲ್ಲ.

ಬಂದದ್ದು ಅದಾದ ಒಂಬತ್ತನೇ ದಿನ. ಮೇಡಂ ಓದಿ ಸಮಾಧಾನದ ಉಸಿರು ಬಿಟ್ಟರು. ಹೆಚ್ ನಾಲ್ಕು, ಎನ್ ಆರು. ಕಾಡುಬಾತುಗಳಲ್ಲಿ ಮಾಮೂಲಾಗಿ ಸಿಗುವಂಥದು, ಬಾತಿಗೇ ಅದರಿಂದ ಕಾಯಿಲೆ ಬರುವುದು ಅಪರೂಪ, ಮನುಷ್ಯರಿಗೆ ಏನೂ ಇಲ್ಲ, ಪಟ್ಟಿಗೆ ಸೇರಿಸಿ ಎಂದರು. ಸೇರಿಸಿದೆ. ಹಕ್ಕಿಯ ಹೆಸರು, ಕೆರೆ, ತಾರೀಖು, ಹೆಚ್4ಎನ್6. ಕೊನೆಯ ಅಂಕಣ 'ಷರಾ'. ಅದರಲ್ಲಿ 'ಇಲ್ಲ' ಎಂದು ತುಂಬಿದೆ.

ಕೆರೆಯ ಏರಿಯ ಮೇಲೆ ಮರಿಯಯ್ಯನಿಗೆ ಹೇಳಿದೆ. ಅವರು ಬಲೆಯ ಕಂಬ ನೆಡುತ್ತಿದ್ದರು. ನಾಲ್ಕಾ ಎಂದು ಎರಡು ಸಲ ಕೇಳಿದರು. ಹಾಗಿದ್ದರೆ ಆ ಬಾತಿನಿಂದ ಏನೂ ಆಗಲಿಲ್ಲವೇ ಎಂದರು. ಆಗಲಿಲ್ಲ ಎಂದೆ. ಕಂಬವನ್ನು ಇನ್ನಷ್ಟು ಆಳಕ್ಕೆ ಗುದ್ದಿದರು. ಅದು ಆಗಲೇ ಗಟ್ಟಿಯಾಗಿ ನಿಂತಿತ್ತು.

ವೈರಸ್ಸಿನ ಹೆಸರನ್ನೇ ಕೇಳದ ಅವರ ಪಕ್ಕದ ಮನೆಯವರಾಗಿದ್ದರೆ ಹೆಂಡತಿಗೆ ಜ್ವರ ಬಂದ ಮರುದಿನವೇ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತಂದಿರುತ್ತಿದ್ದರು. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮರಿಯಯ್ಯನಿಗೆ ಅಷ್ಟು ಗೊತ್ತಿದ್ದದ್ದೇ ಮುಳುವಾಯಿತು, ಆ ಲೆಕ್ಕ ಹೇಳಿ ಹೆದರಿಸಿದವನು ನಾನು, ಭಯಕ್ಕೆ ಕೈಕಾಲು ಆಡದೆ ಅವರು ಆಕೆಯನ್ನು ಮನೆಯಲ್ಲಿ ಇಟ್ಟುಕೊಂಡರು ಎಂದು ನನ್ನೊಳಗೆ ಒಂದು ಕಥೆ ಕಟ್ಟಿಕೊಂಡಿದ್ದೆ. ಅದರಲ್ಲಿ ನನ್ನ ತಪ್ಪಿತ್ತು, ಆದರೆ ತಡೆದುಕೊಳ್ಳುವಷ್ಟಿತ್ತು.

2009ರ ಮಾರ್ಚಿಗೆ ಯೋಜನೆ ಮುಗಿಯಿತು. ಕಡತಗಳನ್ನು ಪೆಟ್ಟಿಗೆಗೆ ತುಂಬಿ ಲಾರಿಗೆ ಹಾಕಿದೆವು. ಬಲೆಗಳನ್ನೂ ಲೆಕ್ಕ ಮಾಡಿ ವಾಪಸು ಪಡೆದರು. ಮರಿಯಯ್ಯ ತಮ್ಮ ಚೀಟಿಯನ್ನು ಮೇಡಂ ಮೇಜಿನ ಮೇಲೆ ಇಟ್ಟರು. ಬೇಕಾದರೆ ನೆನಪಿಗೆ ಇಟ್ಟುಕೊಳ್ಳಿ ಎಂದರು ಮೇಡಂ. ಬೇಡ ಎಂದರು. ಆಮೇಲೆ ನಾವಿಬ್ಬರೂ ನಂಜನಗೂಡಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆವು. ಅವರಿಗೆ ಐವತ್ತೆರಡಾಗಿತ್ತು. ಮುಂದೇನು ಎಂದು ನಾನು ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ. ಒಂದು ವರ್ಷದಿಂದ ಬಾಯಲ್ಲೇ ಇದ್ದದ್ದನ್ನು, ಅವರ ಬಸ್ಸು ತಿರುಗಿಕೊಂಡು ಬರುತ್ತಿದ್ದಾಗ ಕೇಳಿಬಿಟ್ಟೆ. ಮೊದಲನೇ ದಿನವೇ ಆಕೆಯನ್ನು ಯಾಕೆ ಆಸ್ಪತ್ರೆಗೆ ತರಲಿಲ್ಲ, ಆ ಜ್ವರಕ್ಕೆ ನಿಮಗೆ ಅಷ್ಟೊಂದು ಭಯವಿತ್ತಾ ಎಂದೆ.

ಮರಿಯಯ್ಯ ಚೀಲ ಎತ್ತಿಕೊಂಡು ಎದ್ದು ನಿಂತರು.

"ಜ್ವರಕ್ಯಾಕ್ ಎದ್ರನ? ಕೆಲ್ಸ ಓಯ್ತದೆ ಅಂತ ಸುಮ್ನಿದ್ದೆ. ನೀನೂ ಅದ್ಕೇ ಸುಮ್ನಿದ್ದೆ."